ಕಂದಕ ಕಾಮಗಾರಿಗಳಲ್ಲಿ ಸುರಕ್ಷತೆ ಮತ್ತು ಅನುಭವಿಗಳ ಮಾರ್ಗದರ್ಶನ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ನೆಲ ಅಗೆಯದ ವರ್ಷವಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜಾರಿಗೆ ಬಂದ ನಂತರ ಊರಿನ ಪ್ರತಿಯೊಂದು ಓಣಿಯೂ ಕೊಳವೆಗಾಗಿ ಕಂದಕ ಕಂಡಿದೆ. ಇದಲ್ಲದೆ ಚರಂಡಿ, ಇಂಗುಗುಂಡಿ, ಶೌಚಗುಂಡಿ, ಕೃಷಿಹೊಂಡ, ಕೆರೆ ಹೂಳು ತೆಗೆಯುವ ಕೆಲಸ, ಕೊಳವೆಬಾವಿ, ಹಳೆಯ ಬಾವಿಯ ದುರಸ್ತಿ ಇವೆಲ್ಲವೂ ಅಗೆತದ ಕಾಮಗಾರಿಗಳೇ. ಈ ಕಾಮಗಾರಿಗಳಲ್ಲಿ ಅಂದಾಜು ಪಟ್ಟಿ, ಅಳತೆ ಪುಸ್ತಕ, ಛಾಯಾಚಿತ್ರ, ಬಿಲ್ಲು ಇವುಗಳ ಪರಿಶೀಲನೆ ನಡೆಯುತ್ತದೆ. ಆದರೆ ಕಂದಕದೊಳಗೆ ಇಳಿದವನು ಸಂಜೆ ಸುರಕ್ಷಿತವಾಗಿ ಮೇಲೆ ಬರುವಂತೆ ನೋಡಿಕೊಳ್ಳುವ ಹೊಣೆ ಯಾರದು ಎಂಬುದು ಯಾವ ಕಡತದಲ್ಲಿಯೂ ಸಾಮಾನ್ಯವಾಗಿ ದಾಖಲಾಗುವುದಿಲ್ಲ.

ಅಗೆತದ ಸುರಕ್ಷತಾ ನಿಯಮಗಳು ಕಡಿಮೆಯೇನಿಲ್ಲ; ಅವು ಸರಳವೂ ಹೌದು. ಆದರೆ ಪುಸ್ತಕದಲ್ಲಿರುವ ನಿಯಮ ತಾನಾಗಿ ಕಂದಕಕ್ಕೆ ಇಳಿಯುವುದಿಲ್ಲ. ಅದನ್ನು ಬಲ್ಲ ಒಬ್ಬ ಅನುಭವಿ ಹೊಸಬನ ಪಕ್ಕದಲ್ಲಿ ನಿಂತು ಹೇಳಿಕೊಟ್ಟಾಗ ಮಾತ್ರ ನಿಯಮ ಅಭ್ಯಾಸವಾಗುತ್ತದೆ. ಅಂತಹ ಅನುಭವಿಯನ್ನು ಪ್ರತಿಯೊಂದು ಕಾಮಗಾರಿಗೂ ಹೆಸರಿಸಿ, ಕೆಲಸ ನಿಲ್ಲಿಸುವ ಅಧಿಕಾರವನ್ನು ಅವನಿಗೆ ಅಥವಾ ಅವಳಿಗೆ ಕೊಡಿಸುವುದು ಗ್ರಾಮ ಪಂಚಾಯತಿಯಿಂದ ಆಗಬಹುದಾದ ಕೆಲಸ. ಈ ಪಾಠದ ಮುಖ್ಯ ವಿಷಯ ಇದೇ.

1. ಮಣ್ಣಿನ ತೂಕ

ಕಂದಕದ ಅಪಾಯವನ್ನು ಅರಿಯಲು ಮೊದಲು ಮಣ್ಣಿನ ತೂಕವನ್ನು ಅರಿಯಬೇಕು. ಒಂದು ಘನ ಮೀಟರ್ ಮಣ್ಣು ಅದರ ಜಾತಿ ಮತ್ತು ತೇವಾಂಶಕ್ಕೆ ಅನುಗುಣವಾಗಿ ಸುಮಾರು 1.5ರಿಂದ 1.8 ಟನ್ ತೂಗುತ್ತದೆ. 2 ಮೀಟರ್ ಆಳದ ಕಂದಕದಲ್ಲಿ 1 ಮೀಟರ್ ಉದ್ದದ, ಅರ್ಧ ಮೀಟರ್ ದಪ್ಪದ ಒಂದು ಪಕ್ಕ ಕುಸಿಯಿತೆಂದು ಭಾವಿಸೋಣ. ಆಗ ಬೀಳುವ ಮಣ್ಣು ಸರಿಯಾಗಿ ಒಂದು ಘನ ಮೀಟರ್. ಅಂದರೆ 50 ಕಿಲೋಗ್ರಾಂ ತೂಕದ 30ಕ್ಕಿಂತ ಕಡಿಮೆಯಿಲ್ಲದಷ್ಟು ಸಿಮೆಂಟ್ ಚೀಲಗಳು ಒಮ್ಮೆಲೇ ಒಬ್ಬನ ಮೇಲೆ ಬಿದ್ದಂತೆ.

ಕುಸಿತ ಕ್ಷಣಮಾತ್ರದಲ್ಲಿ ನಡೆಯುತ್ತದೆ. ಓಡಿಹೋಗಲು ಕಂದಕದೊಳಗೆ ಜಾಗವಿರುವುದಿಲ್ಲ. ತಲೆ ಮೇಲಿದ್ದು ಎದೆಯವರೆಗೆ ಮಾತ್ರ ಮಣ್ಣು ತುಂಬಿದ್ದರೂ ಉಸಿರಾಟ ಕಷ್ಟವಾಗುತ್ತದೆ; ಒಮ್ಮೆ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳಲು ಎದೆ ಹಿಗ್ಗಬೇಕು, ಮಣ್ಣಿನ ಒತ್ತಡ ಅದಕ್ಕೆ ಎಡೆ ಕೊಡುವುದಿಲ್ಲ. ಆದ್ದರಿಂದ ‘ಆಳ ಬಹಳವಿಲ್ಲ, ತಲೆ ಕಾಣುತ್ತದೆ’ ಎಂಬ ಮಾತು ಸುರಕ್ಷತೆಯ ಖಾತರಿಯಲ್ಲ.

2. ನಮ್ಮ ಭಾಗದ ಮಣ್ಣು

ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಭಾಗದಲ್ಲಿ ಎರೆ ಭೂಮಿಯೂ ಇದೆ, ಕೆಂಪು ಮಸಾರಿಯೂ ಇದೆ, ಗೊರಚು ನೆಲವೂ ಇದೆ. ಪ್ರತಿಯೊಂದರ ವರ್ತನೆ ಬೇರೆ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಬಿರುಕು ಕಂದಕದ ಅಂಚಿಗೆ ಸಮಾನಾಂತರವಾಗಿದ್ದರೆ ಆ ಪಕ್ಕ ಹೋಳಾಗಿ ಬೀಳಲು ಸಿದ್ಧವಾಗಿದೆ ಎಂದೇ ಅರ್ಥ. ಮಸಾರಿ ಮಣ್ಣು ಅಗೆದ ದಿನ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಆ ನಿಲುವನ್ನು ನಂಬಿ ಮರುದಿನವೂ ಇಳಿಯುವವರುಂಟು. ಬಿಸಿಲಿಗೆ ಒಣಗಿದಾಗ ಅಥವಾ ಮಳೆಗೆ ನೆನೆದಾಗ ಅದೇ ಗೋಡೆ ಸಡಿಲವಾಗುತ್ತದೆ. ಗೊರಚು ನೆಲ ಗಟ್ಟಿ ಎಂಬ ಭಾವನೆ ಇದೆ. ಆದರೆ ಅದರ ನಡುವೆ ಸಡಿಲ ಪದರವಿದ್ದರೆ ಮೇಲಿನ ಗಟ್ಟಿ ಪದರ ಚಪ್ಪಡಿಯಂತೆ ಕಳಚಿ ಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಊರೊಳಗಿನ ಓಣಿಗಳಲ್ಲಿ. ಅಲ್ಲಿಯ ನೆಲ ಹಿಂದೆ ಚರಂಡಿಗೋ ಹಳೆಯ ಕೊಳವೆಗೋ ಅಗೆದು ತುಂಬಿದ ನೆಲ. ಒಮ್ಮೆ ಅಗೆದು ತುಂಬಿದ ಮಣ್ಣು ಮೊದಲಿನ ಗಟ್ಟಿತನವನ್ನು ಮರಳಿ ಪಡೆಯುವುದಿಲ್ಲ. ಪಕ್ಕದ ಚರಂಡಿಯಿಂದ ಅಥವಾ ಸೋರುವ ನಲ್ಲಿಯಿಂದ ನೀರು ಇಂಗುತ್ತಿದ್ದರೆ, ಟ್ರ್ಯಾಕ್ಟರ್ ಓಡಾಡಿ ನೆಲ ನಡುಗುತ್ತಿದ್ದರೆ, ಹಳೆಯ ಮಣ್ಣಿನ ಗೋಡೆಯ ಮನೆ ಅಂಚಿನಲ್ಲಿಯೇ ಇದ್ದರೆ ಅಪಾಯ ಹೆಚ್ಚುತ್ತದೆ.

ಮಣ್ಣಿನ ಈ ವಿವರಗಳನ್ನು ಊರಿನ ಹಿರಿಯ ಕೆಲಸಗಾರರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಬಾವಿ ತೋಡಿದವರು, ಬುನಾದಿ ಅಗೆದವರು, ಕಲ್ಲು ಒಡೆದವರು ಮಣ್ಣನ್ನು ನೋಡಿಯೇ, ಗುದ್ದಲಿಯ ಸದ್ದು ಕೇಳಿಯೇ ಹೇಳಬಲ್ಲರು. ಈ ಅರಿವು ಹೊಸಬರಿಗೆ ದಾಟುವ ವ್ಯವಸ್ಥೆ ಇಲ್ಲದಿರುವುದೇ ಕೊರತೆ.

3. ಒಂದೂವರೆ ಮೀಟರಿನ ನಿಯಮ

ಅಗೆತದ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 3764 ಎಂಬ ಸಂಹಿತೆ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆಯೂ ಇದೆ. ಎರಡನೆಯದರಲ್ಲಿ ಕಂದಕಕ್ಕೆ ಸಂಬಂಧಿಸಿದ ಮುಖ್ಯ ಅಂಶಗಳು ಹೀಗಿವೆ.

(ಅ) 1.5 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಆಳದ ಕಂದಕದ ಪಕ್ಕಗಳನ್ನು ಇಳಿಜಾರಾಗಿ ಅಥವಾ ಮೆಟ್ಟಿಲಾಗಿ ಕಡಿಯಬೇಕು. ಅದಕ್ಕೆ ಸ್ಥಳವಿಲ್ಲದಿದ್ದರೆ ಹಲಗೆ ಮತ್ತು ಅಡ್ಡಗಂಬಗಳ ಆಸರೆ ಕೊಡಬೇಕು.

(ಆ) 1.2 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಆಳದ ಕಂದಕದಲ್ಲಿ ಪ್ರತಿ 30 ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಏಣಿ ಸದಾ ಇರಬೇಕು. ಏಣಿ ತಳದಿಂದ ಹೊರಟು ನೆಲಮಟ್ಟಕ್ಕಿಂತ 90 ಸೆಂಟಿಮೀಟರ್ ಮೇಲೆ ಚಾಚಿರಬೇಕು.

(ಇ) ಅಗೆದ ಮಣ್ಣನ್ನು ಕಂದಕದ ಅಂಚಿನಿಂದ 1.5 ಮೀಟರ್ ಅಥವಾ ಕಂದಕದ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕಬೇಕು.

(ಈ) ಮೇಲಿನಿಂದ ಕೆಳಕ್ಕೆ ಅಗೆಯಬೇಕು. ಬುಡವನ್ನು ಕೊರೆದು ಮೇಲಿನ ಮಣ್ಣನ್ನು ಬೀಳಿಸುವ ಪದ್ಧತಿ ಯಾವ ಸಂದರ್ಭದಲ್ಲಿಯೂ ಕೂಡದು.

ಈ 1.5 ಮೀಟರ್ ಎಂಬ ಅಂಕಿ ಒಂದು ಇಲಾಖೆಯ ಸ್ವಂತ ನಿರ್ಧಾರವಲ್ಲ. ಗಣಿಗಳಿಗೆ ಅನ್ವಯವಾಗುವ 1961ರ ಲೋಹ ಗಣಿ ವಿನಿಯಮಗಳು ಮೊರಂ, ಜೇಡಿ, ಮೆಕ್ಕಲು ಮುಂತಾದ ಸಡಿಲ ನೆಲದಲ್ಲಿ ಪಕ್ಕಗಳ ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ ಮೆಟ್ಟಿಲಿನ ಎತ್ತರ 1.5 ಮೀಟರ್ ಮೀರಬಾರದು, ಮೆಟ್ಟಿಲಿನ ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು ಎನ್ನುತ್ತವೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ನಿಯಮದಲ್ಲಿರುವ ಮಿತಿ 5 ಅಡಿ; ಅದೂ ಸರಿಸುಮಾರು ಒಂದೂವರೆ ಮೀಟರೇ. ಬೇರೆ ಬೇರೆ ಕಡೆ, ಬೇರೆ ಬೇರೆ ಕೆಲಸಗಳಲ್ಲಿ ಒಂದೇ ಅಂಕಿಗೆ ಬಂದು ನಿಂತಿರುವುದನ್ನು ಸದಸ್ಯರು ಗಮನಿಸಬೇಕು. ಅಂಕಿಯನ್ನು ನೆನಪಿಡಲು ಸುಲಭ ಉಪಾಯವಿದೆ: ನಿಂತ ಆಳಿನ ಹೆಗಲಿನ ಮಟ್ಟ ಮುಟ್ಟಿತೆಂದರೆ ಆಸರೆ ಇಲ್ಲದೆ ಯಾರೂ ಕಂದಕಕ್ಕೆ ಇಳಿಯಕೂಡದು. ಅದಕ್ಕಿಂತ ಕಡಿಮೆ ಆಳದಲ್ಲಿಯೂ ಬಿರುಕು, ತೇವ ಅಥವಾ ತುಂಬಿದ ಮಣ್ಣು ಕಂಡರೆ ಇದೇ ಎಚ್ಚರ ಬೇಕು. ಕುಳಿತು ಅಥವಾ ಬಗ್ಗಿ ಕೊಳವೆ ಜೋಡಿಸುವವನಿಗೆ ಒಂದು ಮೀಟರ್ ಕಂದಕವೂ ತಲೆಯ ಮೇಲಿನ ಗೋಡೆಯೇ.

4. ನೆರೆಯ ಗಣಿಗಳಿಂದ ಕಲಿಯಬಹುದಾದುದು

ನಿಯಮವನ್ನು ಅಭ್ಯಾಸವಾಗಿಸಿದ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಹರಪನಹಳ್ಳಿಯಿಂದ ಕೂಡ್ಲಿಗಿ ದಾಟಿ ಹೋದರೆ ಸಂಡೂರು ಭಾಗದ ಕಬ್ಬಿಣದ ಅದಿರಿನ ಗಣಿಗಳು ಸಿಗುತ್ತವೆ. ಗಣಿ ಕೆಲಸ ಪಂಚಾಯತಿ ಕಾಮಗಾರಿಗಿಂತ ಬಹಳ ದೊಡ್ಡದು. ಆದರೂ ನೆಲ ಅಗೆಯುವ ಮೂಲ ಅಪಾಯ ಒಂದೇ. ಅಲ್ಲಿ ಮೂರು ಪದ್ಧತಿಗಳು ನೆಲೆಗೊಂಡಿವೆ.

ಮೊದಲನೆಯದು, ತರಬೇತಿ ಇಲ್ಲದೆ ಕೆಲಸವಿಲ್ಲ. 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಹೊಸದಾಗಿ ಸೇರಿದವನಿಗೆ ಕೆಲಸಕ್ಕೆ ಹಚ್ಚುವ ಮುನ್ನ ತರಬೇತಿ ಕೊಡಬೇಕು.

ಎರಡನೆಯದು, ಪ್ರತಿ ಪಾಳಿಗೂ ಹೆಸರಿರುವ ಹೊಣೆಗಾರನಿರುತ್ತಾನೆ. ಮೈನಿಂಗ್ ಮೇಟ್ ಎಂಬವನು ಪ್ರಮಾಣಪತ್ರ ಪಡೆದವನು. ತನ್ನ ಭಾಗದ ಅಂಚು, ಇಳಿಜಾರು, ಸಡಿಲ ಕಲ್ಲುಗಳನ್ನು ಪರಿಶೀಲಿಸುವುದು ಅವನ ಕರ್ತವ್ಯ.

ಮೂರನೆಯದು, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಆಶ್ರಯದಲ್ಲಿ ನಡೆಯುವ ಗಣಿ ಸುರಕ್ಷತಾ ಸಪ್ತಾಹ. ಅದರಲ್ಲಿ ಒಂದು ಗಣಿಯ ಅನುಭವಿಗಳು ತಂಡವಾಗಿ ಇನ್ನೊಂದು ಗಣಿಗೆ ಹೋಗಿ ಪರಿಶೀಲಿಸುತ್ತಾರೆ. ಸ್ಪರ್ಧೆಯ ಉತ್ಸಾಹವಿದ್ದರೂ ಅದರ ನಿಜವಾದ ಫಲ ಬೇರೆ: ತಮ್ಮ ಕಣ್ಣಿಗೆ ರೂಢಿಯಾಗಿ ಕಾಣದೆ ಹೋದ ದೋಷವನ್ನು ನೆರೆಯವರ ಕಣ್ಣು ಗುರುತಿಸುತ್ತದೆ, ಪರಿಶೀಲಿಸಲು ಬಂದವರೂ ಒಂದು ಒಳ್ಳೆಯ ಪದ್ಧತಿಯನ್ನು ತಮ್ಮ ಗಣಿಗೆ ಕೊಂಡೊಯ್ಯುತ್ತಾರೆ.

ಅಮೆರಿಕದಲ್ಲಿಯೂ ಇಂತಹುದೇ ಪದ್ಧತಿ ಇದೆ. 1982ರಲ್ಲಿ ಅಲ್ಲಿ ಆರಂಭವಾದ ಸ್ವಯಂಪ್ರೇರಿತ ಸುರಕ್ಷತಾ ಕಾರ್ಯಕ್ರಮದಲ್ಲಿ ಸುರಕ್ಷತೆಯಲ್ಲಿ ಮುಂದಿರುವ ಸಂಸ್ಥೆಗಳು ಹಿಂದುಳಿದ ಸಂಸ್ಥೆಗಳಿಗೆ ಮಾರ್ಗದರ್ಶಿಗಳಾಗುತ್ತವೆ. ದೊಡ್ಡ ಕಂಪನಿಗೆ ಸುರಕ್ಷತಾ ಅಧಿಕಾರಿಯನ್ನು ನೇಮಿಸುವ ಶಕ್ತಿ ಇರುತ್ತದೆ. ಒಂದು ಜೆಸಿಬಿ, ಎರಡು ಟ್ರ್ಯಾಕ್ಟರ್, ಹತ್ತು ಆಳುಗಳಿರುವ ಗುತ್ತಿಗೆದಾರನಿಗೆ ಆ ಶಕ್ತಿ ಇಲ್ಲ. ಅವನಿಗೆ ಬೇಕಾದುದು ಬಲ್ಲವರೊಬ್ಬರ ಒಡನಾಟ. ಗ್ರಾಮ ಪಂಚಾಯತಿ ಕಾಮಗಾರಿಗಳನ್ನು ಮಾಡುವವರಲ್ಲಿ ಹೆಚ್ಚಿನವರು ಇಂತಹ ಸಣ್ಣ ಗುತ್ತಿಗೆದಾರರೇ ಆದ್ದರಿಂದ ಈ ಮಾದರಿ ಇಲ್ಲಿಗೆ ಹೊಂದುತ್ತದೆ.

5. ಮಾರ್ಗದರ್ಶಿಗಳು ಯಾರಾಗಬಹುದು?

ಪಂಚಾಯತಿಯ ಮಟ್ಟದಲ್ಲಿ ಹೊಸ ಹುದ್ದೆ ಸೃಷ್ಟಿಸುವ ಅಗತ್ಯವಿಲ್ಲ. ಈಗಾಗಲೇ ಊರಿನಲ್ಲಿರುವ ನಾಲ್ಕು ಬಗೆಯ ಅನುಭವಿಗಳನ್ನು ಗುರುತಿಸಿದರೆ ಸಾಕು.

ಹಿರಿಯ ಮೇಸ್ತ್ರಿ ಅಥವಾ ಬಾವಿ ಕೆಲಸದವರು: ಮಣ್ಣಿನ ಗುಣ, ಆಸರೆ ಕಟ್ಟುವ ಕ್ರಮ, ಅಂಚು ಕಡಿಯುವ ಕ್ರಮ ಇವರಿಗೆ ಗೊತ್ತು.

ಕಾಯಕ ಬಂಧುಗಳು: ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕೂಲಿಕಾರರ ಗುಂಪನ್ನು ನಡೆಸಿದ ಅನುಭವ ಇವರಿಗಿದೆ. ಹಾಜರಾತಿ ಪಡೆಯುವುದು, ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವುಗಳನ್ನು ನೋಡಿಕೊಳ್ಳುವುದು ಇವರಿಗೆ ರೂಢಿ. ಮಹಿಳಾ ಕಾಯಕ ಬಂಧುಗಳ ಮಾತನ್ನು ಮಹಿಳಾ ಕೂಲಿಕಾರರು ಹೆಚ್ಚು ವಿಶ್ವಾಸದಿಂದ ಕೇಳುತ್ತಾರೆ ಎಂಬುದೂ ಗಮನಾರ್ಹ.

ನೀರಗಂಟಿಗಳು: ಯಾವ ಓಣಿಯಲ್ಲಿ ಯಾವ ಕೊಳವೆ ಎಷ್ಟು ಆಳದಲ್ಲಿದೆ, ವಾಲ್ವ್ ಎಲ್ಲಿದೆ, ಎಲ್ಲಿ ಸೋರಿಕೆಯಿಂದ ನೆಲ ನೆನೆದಿದೆ ಎಂಬ ನಕ್ಷೆ ಇವರ ತಲೆಯಲ್ಲಿರುತ್ತದೆ. ಬಹುತೇಕ ಊರುಗಳಲ್ಲಿ ಈ ನಕ್ಷೆ ಕಾಗದದ ಮೇಲೆ ಇಲ್ಲ.

ಕಿರಿಯ ಎಂಜಿನಿಯರ್: ಆಳ, ಇಳಿಜಾರು, ಆಸರೆಯ ವಿನ್ಯಾಸ ಇವುಗಳ ತಾಂತ್ರಿಕ ಹೊಣೆ ಇವರದು. ಮೇಲಿನ ಮೂವರಿಗೂ ಇವರು ಮಾರ್ಗದರ್ಶಕರು. ಊರಿನ ನೆಲದ ವಿಷಯದಲ್ಲಿ ಅವರಿಂದ ಕಲಿಯುವವರೂ ಹೌದು.

ಮಾರ್ಗದರ್ಶಿ ಗುತ್ತಿಗೆದಾರನ ಮೇಸ್ತ್ರಿಯೇ ಆಗಿದ್ದರೆ ಒಂದು ಎಚ್ಚರ ಅಗತ್ಯ. ಕೆಲಸ ಬೇಗ ಮುಗಿಸಬೇಕಾದವನು ಮತ್ತು ಕೆಲಸ ನಿಲ್ಲಿಸಬೇಕಾದವನು ಒಬ್ಬನೇ ಆದಾಗ ಮೊದಲನೆಯ ಒತ್ತಡವೇ ಗೆಲ್ಲುತ್ತದೆ. ಆದ್ದರಿಂದ ಪಂಚಾಯತಿ ಹೆಸರಿಸುವ ಮಾರ್ಗದರ್ಶಿ ಗುತ್ತಿಗೆದಾರನ ಕೂಲಿಯಲ್ಲಿ ಇಲ್ಲದವರಾಗಿರುವುದು ಸೂಕ್ತ.

6. ಕಾರ್ಯಕ್ರಮದ ಐದು ಹೆಜ್ಜೆಗಳು

ಹೆಜ್ಜೆ 1: ಅಂದಾಜು ಪಟ್ಟಿಯಲ್ಲಿಯೇ ಸುರಕ್ಷತೆ. ಆಸರೆ ಹಲಗೆ, ಏಣಿ, ತಡೆಬೇಲಿ, ರಾತ್ರಿಯ ಎಚ್ಚರಿಕೆ ದೀಪ, ಶಿರಸ್ತ್ರಾಣ ಇವುಗಳ ವೆಚ್ಚ ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ಇರಬೇಕು. ಇಲ್ಲದಿದ್ದರೆ ಗುತ್ತಿಗೆದಾರನು ಅವನ್ನು ತನ್ನ ಲಾಭದಿಂದ ತೆರಬೇಕಾದ ದಂಡವೆಂದು ಭಾವಿಸುತ್ತಾನೆ. ಪ್ರತ್ಯೇಕ ಬಾಬ್ತು ಇದ್ದರೆ ಒದಗಿಸದಿದ್ದಾಗ ಹಣ ತಡೆಹಿಡಿಯಲೂ ಆಧಾರವಿರುತ್ತದೆ.

ಹೆಜ್ಜೆ 2: ಜೋಡಿ ಕಟ್ಟುವುದು. ಮೊದಲ ಬಾರಿಗೆ ಕಂದಕದ ಕೆಲಸಕ್ಕೆ ಬಂದವರನ್ನು ಕನಿಷ್ಠ ಮೊದಲ ಮೂರು ದಿನ ಒಬ್ಬ ಅನುಭವಿಯ ಜೊತೆಯಲ್ಲಿಯೇ ಕೆಲಸಕ್ಕೆ ಹಚ್ಚಬೇಕು. ಅವರು ಒಬ್ಬಂಟಿಯಾಗಿ ಕಂದಕಕ್ಕೆ ಇಳಿಯಬಾರದು. ಮೇಲೆ ಒಬ್ಬರು ಸದಾ ನಿಂತಿರಬೇಕು.

ಹೆಜ್ಜೆ 3: ಬೆಳಗಿನ ಹತ್ತು ನಿಮಿಷ. ಕೆಲಸ ಆರಂಭಿಸುವ ಮುನ್ನ ಮಾರ್ಗದರ್ಶಿ ಎಲ್ಲರನ್ನೂ ಕರೆದುಕೊಂಡು ಕಂದಕದ ಉದ್ದಕ್ಕೂ ಒಮ್ಮೆ ನಡೆಯಬೇಕು. ಅಂಚಿನ ಬಿರುಕು, ರಾತ್ರಿ ಉದುರಿದ ಮಣ್ಣು, ತಳದಲ್ಲಿ ನಿಂತ ನೀರು, ಏಣಿಯ ಸ್ಥಾನ, ಮಣ್ಣಿನ ಗುಡ್ಡೆಯ ದೂರ ಇವನ್ನು ತೋರಿಸಿ ಮಾತಾಡಬೇಕು. ಪ್ರಶ್ನೆಯನ್ನು ಹೊಸಬನಿಗೇ ಹಾಕಬೇಕು: ‘ತಮ್ಮಾ, ಈ ಕಡೆ ಇಳಿಬೋದೇನು? ಯಾಕ ಬ್ಯಾಡ, ಹೇಳು ನೋಡೋಣ.’ ಉತ್ತರ ಅವನ ಬಾಯಿಂದಲೇ ಬಂದಾಗ ಪಾಠ ನಿಲ್ಲುತ್ತದೆ. ಮಳೆ ಬಿದ್ದ ಮರುದಿನ, ಕೆಲಸ ಹಲವು ದಿನ ನಿಂತು ಮತ್ತೆ ಆರಂಭವಾದಾಗ, ಪಕ್ಕದಲ್ಲಿ ಭಾರದ ವಾಹನ ಓಡಾಡಿದಾಗ ಈ ಪರಿಶೀಲನೆಯನ್ನು ಪುನಃ ಮಾಡಬೇಕು.

ಹೆಜ್ಜೆ 4: ನಿಲ್ಲಿಸುವ ಅಧಿಕಾರ. ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ಮಾರ್ಗದರ್ಶಿಗೆ ಇದೆ ಎಂಬುದು ಕಾರ್ಯಾದೇಶದ ಷರತ್ತಾಗಿ ಲಿಖಿತವಾಗಿರಬೇಕು. ಹಾಗೆ ನಿಲ್ಲಿಸಿದ ಅವಧಿಗೆ ಕೂಲಿಕಾರರ ದಿನಗೂಲಿ ಕಡಿತವಾಗಬಾರದು. ಕೂಲಿ ಹೋಗುವುದಾದರೆ ‘ಅಣ್ಣಾ, ಮ್ಯಾಲೆ ಬಿರುಕು ಬಿಟ್ಟೈತಿ’ ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ದಿನದ ದುಡಿಮೆಯಿಂದ ಒಲೆ ಹೊತ್ತಿಸುವವರಿಂದ ಆ ಧೈರ್ಯವನ್ನು ಬಯಸುವ ಮುನ್ನ ಅದರ ಬೆಲೆಯನ್ನು ಅವರೇ ತೆರದಂತೆ ನೋಡಿಕೊಳ್ಳುವುದು ಪಂಚಾಯತಿಯ ಕರ್ತವ್ಯ.

ಹೆಜ್ಜೆ 5: ತಪ್ಪಿಹೋದ ಅವಘಡಗಳ ವಹಿ. ಊಟಕ್ಕೆ ಮೇಲೆ ಬಂದಾಗ ಪಕ್ಕ ಕುಸಿಯಿತು, ಜೆಸಿಬಿಯ ಬಕೆಟ್ ತಂತಿಗೆ ತಗುಲುವುದು ಸ್ವಲ್ಪದರಲ್ಲಿ ತಪ್ಪಿತು ಎಂಬಂತಹ ಘಟನೆಗಳನ್ನು ಯಾರೂ ಗಾಯಗೊಳ್ಳದಿದ್ದರೂ ಒಂದು ವಹಿಯಲ್ಲಿ ಬರೆಯಬೇಕು. ಯಾರ ತಪ್ಪು ಎಂದು ಬರೆಯುವ ಅಗತ್ಯವಿಲ್ಲ. ಏನಾಯಿತು, ಯಾಕಾಯಿತು, ಏನು ಬದಲಿಸಲಾಯಿತು ಎಂಬ ಮೂರು ಸಾಲು ಸಾಕು. ಮುಂದಿನ ಕಾಮಗಾರಿಯ ಮಾರ್ಗದರ್ಶಿಗೆ ಇದೇ ಪಠ್ಯಪುಸ್ತಕ.

ಇದರೊಂದಿಗೆ ಗಣಿಗಳ ಮಾದರಿಯಲ್ಲಿ ನೆರೆಯ ಎರಡು ಗ್ರಾಮ ಪಂಚಾಯತಿಗಳು ಪರಸ್ಪರರ ಕಾಮಗಾರಿಗಳಿಗೆ ಮೂರು ತಿಂಗಳಿಗೊಮ್ಮೆ ಭೇಟಿ ಕೊಡುವ ಏರ್ಪಾಟು ಮಾಡಿಕೊಳ್ಳಬಹುದು. ಇದಕ್ಕೆ ಅರ್ಧ ದಿನದ ಸಮಯವಲ್ಲದೆ ಬೇರೆ ವೆಚ್ಚವಿಲ್ಲ.

7. ನೆಲದೊಳಗಿನ ಕೊಳವೆ ಮತ್ತು ತಂತಿಗಳು

ಅಗೆತದ ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ವಿದ್ಯುತ್ ಕೇಬಲ್, ದೂರವಾಣಿಯ ಆಪ್ಟಿಕಲ್ ಫೈಬರ್, ಕುಡಿಯುವ ನೀರಿನ ಕೊಳವೆ, ಕೆರೆ ತುಂಬಿಸುವ ಯೋಜನೆಗಳ ದೊಡ್ಡ ಕೊಳವೆ ಇವೆಲ್ಲ ಈಗ ಹಳ್ಳಿಯ ನೆಲದೊಳಗಿವೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ನೀರು ತುಂಬಿಸುವಂತಹ ಯೋಜನೆಗಳಲ್ಲಿ ಕೊಳವೆಗಳು ಹೊಲ, ದಾರಿ, ಊರಂಚುಗಳನ್ನು ಹಾದುಹೋಗುತ್ತವೆ. ಒತ್ತಡದಲ್ಲಿರುವ ಕೊಳವೆ ಒಡೆದರೆ ಕಂದಕ ಕ್ಷಣದಲ್ಲಿ ನೀರು ತುಂಬಿ ಕುಸಿಯುತ್ತದೆ.

ನೆಲ ಅಗೆಯುವವರು ಆ ಸ್ಥಳದಲ್ಲಿ ಯಾರ ಕೊಳವೆ ಅಥವಾ ಕೇಬಲ್ ಇದೆ ಎಂದು ಮೊದಲೇ ವಿಚಾರಿಸಿ, ಆಯಾ ಸಂಸ್ಥೆಗೆ ಸೂಚನೆ ಕೊಡಲು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಅನ್ನು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ಬಿಡುಗಡೆ ಮಾಡಿದೆ. ಗುತ್ತಿಗೆದಾರನು ಇದನ್ನು ಬಳಸಿದ್ದಾನೆಯೇ ಎಂದು ಸದಸ್ಯರು ಕೇಳಬಹುದು. ಆದರೆ ಊರೊಳಗಿನ ಹಳೆಯ ಕೊಳವೆಗಳ ವಿಷಯದಲ್ಲಿ ನೀರಗಂಟಿಯ ಮಾತೇ ಹೆಚ್ಚು ನಿಖರ. ಆದ್ದರಿಂದ ಯಂತ್ರ ಇಳಿಸುವ ಮುನ್ನ ನೀರಗಂಟಿ ಜೊತೆಯಲ್ಲಿ ನಡೆದು ಸುಣ್ಣದಿಂದ ಗುರುತು ಹಾಕುವುದು ಕಡ್ಡಾಯವಾಗಲಿ. ಗುರುತಿನ ಸಮೀಪದಲ್ಲಿ ಯಂತ್ರ ಬಿಟ್ಟು ಕೈಯಿಂದ ಪರೀಕ್ಷಾ ಗುಂಡಿ ತೆಗೆದು ಕೊಳವೆಯನ್ನು ಕಣ್ಣಾರೆ ಕಂಡ ನಂತರವೇ ಮುಂದುವರಿಯಬೇಕು.

ಇದೇ ತತ್ವದ ಮೇಲೆ ಬೆಳೆದ ತಂತ್ರ ಜಲ ಉತ್ಖನನ. ಹೆಚ್ಚಿನ ಒತ್ತಡದ ನೀರಿನಿಂದ ಮಣ್ಣನ್ನು ಸಡಿಲಿಸಿ, ಆ ಕೆಸರನ್ನು ಹೀರುವ ಯಂತ್ರದಿಂದ ಟ್ಯಾಂಕಿಗೆ ಎಳೆದುಕೊಳ್ಳುವ ಕ್ರಮವಿದು. ಲೋಹದ ಬಕೆಟ್ ತಾಗದ ಕಾರಣ ಕೊಳವೆ, ಕೇಬಲ್‌ಗಳಿಗೆ ಹಾನಿ ಕಡಿಮೆ. ನೆಲ ಹೆಪ್ಪುಗಟ್ಟುವ ಕೆನಡಾದಂತಹ ದೇಶಗಳಲ್ಲಿ ಇದರ ಬಳಕೆ ವ್ಯಾಪಕ. ಆದರೆ ಇದಕ್ಕೂ ತನ್ನದೇ ಅಪಾಯಗಳಿವೆ: ಆ ನೀರಿನ ಧಾರೆ ಚರ್ಮವನ್ನು ಸೀಳಬಲ್ಲದು, ಹೀರುವ ಕೊಳವೆ ಕೈಕಾಲನ್ನು ಎಳೆದುಕೊಳ್ಳಬಲ್ಲದು, ಕೆಸರಿನಿಂದ ತುಂಬಿದ ವಾಹನದ ಭಾರ ಅಂಚನ್ನು ಕುಸಿಯುವಂತೆ ಮಾಡಬಲ್ಲದು. ಪಟ್ಟಣಗಳಲ್ಲಿ ಒಳಚರಂಡಿ ಸ್ವಚ್ಛಗೊಳಿಸುವ ಜೆಟ್ಟಿಂಗ್ ಮತ್ತು ಸಕ್ಕಿಂಗ್ ಯಂತ್ರಗಳಿಗೂ ಈ ಎಚ್ಚರಗಳೇ ಅನ್ವಯಿಸುತ್ತವೆ. ಯಂತ್ರ ಹೊಸದಾದಷ್ಟೂ ಅದನ್ನು ಬಲ್ಲವನ ಮಾರ್ಗದರ್ಶನದ ಅಗತ್ಯ ಹೆಚ್ಚುತ್ತದೆ.

8. ತೆರೆದ ಗುಂಡಿಗಳು ಮತ್ತು ಬಾವಿಗಳು

2024ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ಎರಡು ವರ್ಷದೊಳಗಿನ ಮಗುವೊಂದು ಕೊಳವೆಬಾವಿಗೆ ಬಿದ್ದ ಘಟನೆ ನಾಡಿನ ಗಮನ ಸೆಳೆಯಿತು. ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ, ಸುಮಾರು 20 ಗಂಟೆಗಳ ಶ್ರಮದ ನಂತರ ಮಗುವನ್ನು ಜೀವಂತವಾಗಿ ಹೊರತೆಗೆಯಲಾಯಿತು. ಫಲ ಸಂತೋಷದ್ದೇ. ಆದರೆ ಒಂದು ಮುಚ್ಚಳ ತಡೆಯಬಹುದಾಗಿದ್ದ ಸಂಕಟಕ್ಕೆ ಎಷ್ಟು ಯಂತ್ರ, ಎಷ್ಟು ಜನ, ಎಷ್ಟು ಗಂಟೆ ಬೇಕಾಯಿತು ಎಂಬುದು ಯೋಚಿಸಬೇಕಾದ ವಿಷಯ.

2010ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಕೊಳವೆಬಾವಿಗಳ ಬಗ್ಗೆ ಮಾರ್ಗಸೂಚಿ ನೀಡಿದೆ. ಕೊರೆಯುವ 15 ದಿನ ಮೊದಲು ಲಿಖಿತ ಮಾಹಿತಿ ಕೊಡುವುದು, ಸ್ಥಳದಲ್ಲಿ ಫಲಕ ಹಾಕುವುದು, ಸುತ್ತ ತಡೆಬೇಲಿ ಕಟ್ಟುವುದು, ಕೇಸಿಂಗ್ ಕೊಳವೆಯ ಬಾಯಿಗೆ ಭದ್ರ ಮುಚ್ಚಳ ಹಾಕುವುದು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬುವುದು ಇವು ಅದರಲ್ಲಿ ಮುಖ್ಯ. ಕಂದಕಗಳಿಗೂ ಇದೇ ವಿವೇಕ ಸಲ್ಲಬೇಕು: ಶಾಲೆಗೆ ಹೋಗುವ ದಾರಿಯಲ್ಲಿ ಕಂದಕ ತೆರೆದಿದ್ದರೆ ಹಲಗೆಯ ಕಾಲುಸೇತುವೆ, ತಡೆಬೇಲಿ ಮತ್ತು ರಾತ್ರಿ ದೀಪ ಇರಲೇಬೇಕು. ಒಂದು ದಿನದಲ್ಲಿ ಕೊಳವೆ ಹಾಕಿ ಮುಚ್ಚಲಾಗುವಷ್ಟನ್ನೇ ಅಗೆಯುವುದು ಎಲ್ಲಕ್ಕಿಂತ ಉತ್ತಮ.

ಹಳೆಯ ಬಾವಿ ಮತ್ತು ಶೌಚಗುಂಡಿಗಳಲ್ಲಿ ಕುಸಿತದ ಜೊತೆಗೆ ವಿಷಾನಿಲದ ಅಪಾಯವಿದೆ. ಬಾವಿಯೊಳಗೆ ಡೀಸೆಲ್ ಎಂಜಿನ್ ಇಳಿಸಿ ನೀರು ಹೊರಹಾಕುವುದು ಜೀವಘಾತಕ. ಶೌಚಗುಂಡಿ ಸ್ವಚ್ಛತೆಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಈ ವಿಷಯದಲ್ಲಿ ಮಾರ್ಗದರ್ಶಿಯ ಪಾಠ ಒಂದೇ: ಯಾರೂ ಇಳಿಯಕೂಡದು.

9. ಕುಸಿತ ಸಂಭವಿಸಿದರೆ

ಕೂಡಲೇ 112 ಅಥವಾ 108ಕ್ಕೆ ಮತ್ತು ಅಗ್ನಿಶಾಮಕ ಠಾಣೆಯ 101ಕ್ಕೆ ಕರೆ ಮಾಡಬೇಕು. ಎಲ್ಲ ಯಂತ್ರಗಳನ್ನು ನಿಲ್ಲಿಸಬೇಕು. ಜನರು ಅಂಚಿನ ಬಳಿ ಗುಂಪುಗೂಡದಂತೆ ತಡೆಯಬೇಕು. ಒಮ್ಮೆ ಕುಸಿದ ಪಕ್ಕ ಮತ್ತೆ ಕುಸಿಯುವ ಸಂಭವ ಹೆಚ್ಚು, ಬಿಡಿಸಲು ಹಾರಿದವರೇ ಎರಡನೆಯ ಕುಸಿತಕ್ಕೆ ಸಿಲುಕುತ್ತಾರೆ. ಹೂತವರ ಮೇಲೆ ಜೆಸಿಬಿಯ ಬಕೆಟ್ ಹಾಕಬಾರದು. ಉಳಿದ ಪಕ್ಕಕ್ಕೆ ಹಲಗೆಯ ಆಸರೆ ಕೊಟ್ಟು, ಮುಖ ಮತ್ತು ಎದೆಯ ಭಾಗದ ಮಣ್ಣನ್ನು ಮೊದಲು ಕೈಯಿಂದ ಸರಿಸಬೇಕು. ಎಷ್ಟು ಜನ ಒಳಗಿದ್ದರು, ಯಾವ ಜಾಗದಲ್ಲಿದ್ದರು ಎಂದು ಹೇಳಬಲ್ಲವರು ಮೇಲೆ ನಿಂತ ಆ ಒಬ್ಬರೇ. ಎರಡನೆಯ ಹೆಜ್ಜೆಯಲ್ಲಿ ಅವರನ್ನು ಕಡ್ಡಾಯ ಮಾಡಿರುವುದು ಈ ಕಾರಣಕ್ಕೂ ಹೌದು.

10. ಕಾನೂನಿನ ಹೊಣೆ

ಕೆಲಸದ ವೇಳೆ ಸಂಭವಿಸಿದ ಗಾಯ ಅಥವಾ ಸಾವಿಗೆ ಪರಿಹಾರ ಕೊಡುವ ಹೊಣೆ ಕೆಲಸ ಕೊಟ್ಟವನದು ಎಂಬ ತತ್ವ ನಮ್ಮ ದೇಶದಲ್ಲಿ 1923ರ ಕಾಯ್ದೆಯಿಂದಲೇ ನೆಲೆಗೊಂಡಿದೆ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು. ಅದರ ಸುರಕ್ಷತಾ ವಿಷಯಗಳನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಸೇರಿಸಲಾಗಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಪ್ರಕರಣದಡಿ ಐದು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ.

ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು. ಕಂದಕಕ್ಕೆ ಇಳಿಯುವ ಪ್ರತಿಯೊಬ್ಬ ಅರ್ಹ ಕಾರ್ಮಿಕನ ಗುರುತಿನ ಚೀಟಿ ಇದೆಯೇ ಎಂದು ಮಾರ್ಗದರ್ಶಿ ಮೊದಲ ದಿನವೇ ವಿಚಾರಿಸುವುದು ಒಳ್ಳೆಯದು. ಹರಪನಹಳ್ಳಿ ಭಾಗದಿಂದ ಬೆಂಗಳೂರು ಮುಂತಾದ ಊರುಗಳಿಗೆ ಗುಳೆ ಹೋಗುವ ಯುವಕರಲ್ಲಿ ಅನೇಕರು ಅಲ್ಲಿಯೂ ಇದೇ ಅಗೆತದ ಕೆಲಸಕ್ಕೆ ಸೇರುತ್ತಾರೆ. ತಮ್ಮೂರಿನ ಕಂದಕದಲ್ಲಿ ಕಲಿತ ಎಚ್ಚರ ಅಪರಿಚಿತ ಊರಿನಲ್ಲಿಯೂ ಅವರ ಜೊತೆಗಿರುತ್ತದೆ.

11. ಮಾದರಿ ನಿರ್ಣಯ

ಗ್ರಾಮ ಪಂಚಾಯತಿಗಳು ತಮ್ಮ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ಈ ಕೆಳಗಿನಂತೆ ನಿರ್ಣಯ ಅಂಗೀಕರಿಸಬಹುದು:

‘ಈ ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಒಂದು ಮೀಟರಿಗಿಂತ ಹೆಚ್ಚು ಆಳದ ಯಾವುದೇ ಅಗೆತದ ಕಾಮಗಾರಿಗೆ ಕಾರ್ಯಾದೇಶ ನೀಡುವ ಮುನ್ನ ಒಬ್ಬ ಸುರಕ್ಷತಾ ಮಾರ್ಗದರ್ಶಿಯನ್ನು ಹೆಸರಿಸತಕ್ಕದ್ದು. ಮಾರ್ಗದರ್ಶಿಗೆ ಕೆಲಸ ನಿಲ್ಲಿಸುವ ಅಧಿಕಾರವಿದೆ ಎಂಬ ಷರತ್ತನ್ನು ಕಾರ್ಯಾದೇಶದಲ್ಲಿ ಸೇರಿಸತಕ್ಕದ್ದು. ಪ್ರತಿದಿನದ ಪರಿಶೀಲನಾ ವಹಿಯ ಪ್ರತಿಯನ್ನು ಬಿಲ್ಲಿನೊಂದಿಗೆ ಲಗತ್ತಿಸತಕ್ಕದ್ದು. ಮಾರ್ಗದರ್ಶಿಯ ಹೆಸರು ಮತ್ತು ತುರ್ತು ದೂರವಾಣಿ ಸಂಖ್ಯೆಗಳನ್ನು ಕಾಮಗಾರಿಯ ನಾಮಫಲಕದಲ್ಲಿ ಬರೆಯಿಸತಕ್ಕದ್ದು.’

12. ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯತಿಯಲ್ಲಿ ಸದ್ಯ ನಡೆಯುತ್ತಿರುವ ಅಗೆತದ ಕಾಮಗಾರಿಗಳು ಯಾವುವು? ಅವುಗಳ ಗರಿಷ್ಠ ಆಳ ಎಷ್ಟು?

2. ಮಣ್ಣು ಮತ್ತು ಆಸರೆಯ ವಿಷಯ ಬಲ್ಲ ಹಿರಿಯ ಕೆಲಸಗಾರರು ತಮ್ಮ ಊರಿನಲ್ಲಿ ಯಾರಿದ್ದಾರೆ? ಅವರಿಂದ ಕಲಿಯುತ್ತಿರುವವರು ಯಾರು?

3. ನೀರಗಂಟಿಯ ನೆನಪಿನಲ್ಲಿರುವ ಕೊಳವೆ ಮಾರ್ಗಗಳನ್ನು ಕಾಗದದ ಮೇಲೆ ತರಲು ಎಷ್ಟು ದಿನ ಬೇಕು?

4. ಅಪಾಯ ಕಂಡು ಕೆಲಸ ನಿಲ್ಲಿಸಿದ ದಿನದ ಕೂಲಿಯನ್ನು ಯಾವ ಬಾಬ್ತಿನಿಂದ ಭರಿಸಬಹುದು?

5. ಪರಸ್ಪರ ಭೇಟಿಗೆ ಒಪ್ಪಬಹುದಾದ ನೆರೆಯ ಪಂಚಾಯತಿ ಯಾವುದು?

ಮೊದಲ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಸದಸ್ಯರು ಸಭೆಗೆ ಮುನ್ನ ತಮ್ಮ ವಾರ್ಡಿನ ಕಾಮಗಾರಿಯ ಸ್ಥಳಕ್ಕೆ ಒಂದು ಅಳತೆ ಟೇಪು ಹಿಡಿದು ಹೋಗಿ ಬರುವುದು ಅವಶ್ಯ. ಆಳ, ಅಂಚಿನಿಂದ ಮಣ್ಣಿನ ಗುಡ್ಡೆಗಿರುವ ದೂರ, ಏಣಿ ಇದೆಯೇ ಇಲ್ಲವೇ ಎಂಬ ಮೂರು ವಿಷಯಗಳನ್ನು ಬರೆದುಕೊಂಡು ಬಂದರೆ ಚರ್ಚೆ ಅಲ್ಲಿಂದಲೇ ಆರಂಭವಾಗಬಹುದು.